ಇಸುಬಿಗೆ ಯಾವ ಮುಲಾಮು?

ಮಗುವಿನ ಮೊಣಕೈ ಮಡಿಕೆಯಲ್ಲಿ ತಲೆದೋರಿದ ಇಸುಬು ನಡುರಾತ್ರಿಯ ತುರಿಕೆಯಿಂದ ಮನೆಮಂದಿಯೆಲ್ಲರ ನಿದ್ದೆಗೆಡಿಸುತ್ತದೆ. ಬೆಳಗಾಗುತ್ತಲೇ ತಂದೆ ಔಷಧದಂಗಡಿಗೆ ಧಾವಿಸುತ್ತಾನೆ. ಅಂಗಡಿಯವನು ಕೊಟ್ಟ ಮುಲಾಮು ಎರಡೇ ದಿನಗಳಲ್ಲಿ ಗುಣ ತೋರುತ್ತದೆ. ತೊಡಕು ಆರಂಭವಾಗುವುದೂ ಅಲ್ಲಿಂದಲೇ.

ಇಂಥ ಮುಲಾಮುಗಳಲ್ಲಿ ಹಲವು ಮಿಶ್ರಣಗಳು: ಪ್ರಬಲ ಸ್ಟೀರಾಯ್ಡ್, ಶಿಲೀಂಧ್ರನಾಶಕ, ಬ್ಯಾಕ್ಟೀರಿಯಾನಾಶಕ, ಮೂರೂ ಒಂದೇ ಟ್ಯೂಬಿನಲ್ಲಿ. ಇಸುಬು ಯಾವುದು, ಉಂಗುರದಂತೆ ಹಬ್ಬುವ ಹುಳುಕಡ್ಡಿ ಯಾವುದು ಎಂದರಿಯದವರಿಗೆ ಇದು ರಾಮಬಾಣವೆಂದೇ ತೋರೀತು. ಆದರೆ ಇಸುಬಿನ ಉರಿಯೂತವನ್ನು ಶಮನಗೊಳಿಸುವ ಸ್ಟೀರಾಯ್ಡೇ ಹುಳುಕಡ್ಡಿಯನ್ನು ಮರೆಮಾಚಿ ಹಬ್ಬಲು ಬಿಡುತ್ತದೆ. 2018ರಲ್ಲಿ ಭಾರತ ಸರ್ಕಾರವು ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಔಷಧಗಳ ಪಟ್ಟಿಗೆ ಸೇರಿಸಿತು.

ಹಾಗೆಂದು ಸ್ಟೀರಾಯ್ಡ್ ಎಂಬ ಹೆಸರಿಗೇ ಬೆದರಿ, ಮಗುವನ್ನು ತುರಿಸಿಕೊಳ್ಳಲು ಬಿಡುವುದೂ ವಿವೇಕವಲ್ಲ. ಅವುಗಳ ಬಲದಲ್ಲಿ ಮೆಟ್ಟಿಲುಗಳುಂಟು. ಶೇಕಡ 1ರ ಹೈಡ್ರೊಕಾರ್ಟಿಸೋನ್ ಕೆಳಗಿನ ಮೆಟ್ಟಿಲು. ಸೌಮ್ಯ ಇಸುಬಿಗೆ ಕೆಲವು ದಿನಗಳ ಮಟ್ಟಿಗೆ ವೈದ್ಯರು ಸಾಮಾನ್ಯವಾಗಿ ಸೂಚಿಸುವುದು ಇದನ್ನೇ. ಶೇಕಡ 0.1ರ ಬೀಟಾಮೆಥಸೋನ್ ವ್ಯಾಲರೇಟ್ ಪ್ರಬಲವಾದುದು. ಶೇಕಡ 0.05ರ ಕ್ಲೊಬೆಟಸೋಲ್ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು. ಅಂಕಿ ಕಿರಿದೆಂದು ಮೋಸಹೋಗಬಾರದು. ಸೌಮ್ಯ ಇಸುಬಿಗೆ ಅದು ಗುಬ್ಬಿಯ ಮೇಲಿನ ಬ್ರಹ್ಮಾಸ್ತ್ರವೇ ಸರಿ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳಗಳು ಎದ್ದು ಕಾಣತೊಡಗುತ್ತವೆ. ಪ್ರಮಾಣಕ್ಕೂ ಒಂದು ಸುಲಭ ಅಳತೆಯಿದೆ: ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದ ಮುಲಾಮು, ಎಂದರೆ ಸುಮಾರು ಅರ್ಧ ಗ್ರಾಂ, ದೊಡ್ಡವರ ಎರಡು ಅಂಗೈಗಳಷ್ಟು ಚರ್ಮಕ್ಕೆ ಸಾಕು.

ಕಣ್ಣಿನ ರೆಪ್ಪೆಯಂಥ ತೆಳುಚರ್ಮಕ್ಕೆ, ಪದೇ ಪದೇ ಮರುಕಳಿಸುವ ಇಸುಬಿಗೆ ಟ್ಯಾಕ್ರೊಲಿಮಸ್ ಎಂಬ ಬೇರೊಂದು ಮುಲಾಮು ಒದಗುತ್ತದೆ. ಜಪಾನಿನ ತ್ಸುಕುಬ ಪ್ರದೇಶದ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ದೊರೆತ ಈ ಔಷಧ ಸ್ಟೀರಾಯ್ಡ್ ಅಲ್ಲ, ಚರ್ಮವನ್ನು ತೆಳುಗೊಳಿಸದು. ಮೊದಲ ಕೆಲವು ದಿನ ಉರಿಯುತ್ತದೆ, ಬೆಲೆಯೂ ಹೆಚ್ಚು. ಎರಡು ವರ್ಷ ತುಂಬಿದ ಮಕ್ಕಳಿಗೆ ಶೇಕಡ 0.03ರದು, ವಯಸ್ಕರಿಗೆ 0.1ರದು.

ಇವೆಲ್ಲ ಇಸುಬು ಕೆರಳಿದಾಗಿನ ಮಾತು. ನಿತ್ಯವೂ ಬೇಕಾದುದು ಚರ್ಮದ ತೇವವನ್ನು ಕಾಯುವ ಸಾದಾ ಲೇಪ. ಇದರಲ್ಲಿ ಯಾವುದು ಮೇಲೆಂದು ಇಂಗ್ಲೆಂಡಿನಲ್ಲಿ 550 ಮಕ್ಕಳ ಮೇಲೆ ನಡೆದ ಪರೀಕ್ಷೆಯ ಫಲ 2022ರಲ್ಲಿ ಪ್ರಕಟವಾಯಿತು. ಲೋಷನ್, ಕ್ರೀಮ್, ಜೆಲ್, ಜಿಡ್ಡಿನ ಆಯಿಂಟ್‌ಮೆಂಟ್ ಈ ನಾಲ್ಕರಲ್ಲಿ ಯಾವುದೂ ಇನ್ನೊಂದಕ್ಕಿಂತ ಹೆಚ್ಚೆಂದು ಕಂಡುಬರಲಿಲ್ಲ. ಮಂಗಳೂರಿನ ಬೆವರಿಗೆ ಜಿಡ್ಡು ಸೇರದಿದ್ದರೆ ಕ್ರೀಮನ್ನೋ ಲೋಷನನ್ನೋ ಹಚ್ಚಬಹುದು. ಒಣಹವೆಯ ಚಳಿಗಾಲದಲ್ಲಿ ಜಿಡ್ಡಿನದೇ ಹಿತವೆನಿಸೀತು. ಮಗು ಹಠಮಾಡದೆ ಹಚ್ಚಿಸಿಕೊಳ್ಳುವಂಥದನ್ನು ಸ್ನಾನವಾದೊಡನೆ, ಮೈಯ ಪಸೆ ಆರುವ ಮುನ್ನ ಸವರಬೇಕು.