ನಿನೆವೆಯ ನೋಂಬು

ಪುತ್ತೂರಿನಿಂದ ಕಡಬ, ನೆಲ್ಯಾಡಿಗಳ ಕಡೆಗೆ ಸಾಗಿದಂತೆ ಅಡಕೆ ತೋಟಗಳ ನಡುವೆ ರಬ್ಬರ್ ತೋಟಗಳು ಕಾಣಬರುತ್ತವೆ. ಕಳೆದ ಶತಮಾನದ ನಡುಭಾಗದಲ್ಲಿ ತಿರುವಾಂಕೂರಿನ ಕಡೆಯಿಂದ ಬಂದು ಈ ಗುಡ್ಡಗಳಲ್ಲಿಯೂ ಸುಳ್ಯದ ಸುತ್ತಲೂ ನೆಲೆಸಿದ ಸಿರಿಯನ್ ಕ್ರೈಸ್ತರು ರಬ್ಬರಿನೊಡನೆ ತಮ್ಮ ನೋಂಬನ್ನೂ ತಂದರು. ಅವರಲ್ಲಿ ಮಲಂಕರ ಕ್ಯಾಥೊಲಿಕರಿಗೆ 2010ರಲ್ಲಿ ಪುತ್ತೂರೇ ಧರ್ಮಪ್ರಾಂತ್ಯದ ಕೇಂದ್ರವಾಯಿತು. ನೋಂಬು ನಮಗೆ ಪರಕೀಯ ಪದವಲ್ಲ. ಬ್ಯಾರಿಗಳ ರಂಜಾನ್ ಉಪವಾಸವೂ ನೋಂಬೇ. ಜೈನರ ನೋಂಪಿಯೂ ಅದೇ ಬೇರಿನದು.

ಈಸ್ಟರಿಗೆ ಮುಂಚಿನ ದೊಡ್ಡ ನೋಂಬಿಗೂ ಮೂರು ವಾರ ಮೊದಲು, ರಬ್ಬರ್ ಮರಗಳು ಎಲೆಯುದುರಿಸುವ ದಿನಗಳಲ್ಲಿ, ಅವರು ಮೂರು ದಿನದ ಇನ್ನೊಂದು ವ್ರತ ಹಿಡಿಯುತ್ತಾರೆ. ಅದು ನಿನೆವೆಯವರ ನೆನಪಿನದು. ನಿನೆವೆ ಯಾರ ಊರು? ಪ್ರವಾದಿ ಯೋನನ ನಾಡಿನ ಶತ್ರುಗಳಾದ ಅಸ್ಸೀರಿಯರದು. ಅಲ್ಲಿಗೆ ಹೋಗೆಂದು ದೇವರು ಹೇಳಿದರೆ ಆತ ಹಡಗು ಹತ್ತಿ ಬೇರೆ ದಿಕ್ಕಿಗೆ ಓಡಿದ. ಮೀನಿನ ಹೊಟ್ಟೆಯ ಕತೆ ಎಲ್ಲರೂ ಬಲ್ಲರು. ನನ್ನನ್ನು ತಡೆದು ನಿಲ್ಲಿಸುವುದು ಮುಂದಿನ ಭಾಗ. ನಿನೆವೆಯ ಅರಸ ಸಿಂಹಾಸನದಿಂದಿಳಿದು, ಗೋಣಿತಟ್ಟು ಉಟ್ಟು ಬೂದಿಯಲ್ಲಿ ಕುಳಿತ. ದನಕುರಿಗಳೂ ಉಪವಾಸವಿದ್ದವು. ನಗರ ಉಳಿಯಿತು. ಉಳಿದದ್ದಕ್ಕೆ ಯೋನನಿಗೆ ಸಿಟ್ಟು ಬಂದಿತು!

ಪಶ್ಚಾತ್ತಾಪ ಮನಸ್ಸಿನ ವ್ಯಾಪಾರವೆಂದು ಓದುಬರಹ ಬಲ್ಲ ನಾವು ತಿಳಿಯುತ್ತೇವೆ. ಇಲ್ಲಿ ಅದು ಮೈಯಿಂದ ತೊಡಗುತ್ತದೆ. ದೊಡ್ಡ ನೋಂಬಿನ ಮೊದಲ ಸೋಮವಾರ ಇಗರ್ಜಿಯಲ್ಲಿ ‘ಶುಬ್ಕೋನೊ’ ಎಂಬ ಕ್ಷಮೆಯ ವಿಧಿಯುಂಟು. ಜನ ಮತ್ತೆ ಮತ್ತೆ ಮೊಣಕಾಲೂರಿ ಹಣೆಯನ್ನು ನೆಲಕ್ಕೆ ಮುಟ್ಟಿಸುತ್ತಾರೆ. ಒಬ್ಬರೊಬ್ಬರಲ್ಲಿ ಕ್ಷಮೆ ಬೇಡುತ್ತಾರೆ. ಆ ಮತದವನಲ್ಲದ ನಾನು ಇದನ್ನು ದೇಹದಂಡನೆಯೆಂದೇ ಬಗೆದಿದ್ದೆ. ಆದರೆ ಭಾನುವಾರಗಳಲ್ಲಿ ಈ ಬಾಗುವಿಕೆ ಇಲ್ಲ. ಅದು ಪುನರುತ್ಥಾನದ ದಿನ. ದೇಹ ನೆಟ್ಟಗೆ ನಿಲ್ಲಬೇಕು. ದೇಹ ಹೀನವೆನ್ನುವವರು ಅದರ ಪುನರುತ್ಥಾನವನ್ನೇಕೆ ನಂಬಿಯಾರು?

ನಿನೆವೆಯ ಅವಶೇಷಗಳಿರುವುದು ಇರಾಕಿನ ಮೋಸುಲ್ ನಗರದಲ್ಲಿ. 2014ರಲ್ಲಿ ಅದನ್ನು ಹಿಡಿದ ಐಸಿಸ್ ಪಡೆ ಅಲ್ಲಿನ ಕ್ರೈಸ್ತರನ್ನು ಹೊರಗಟ್ಟಿತು. ಯೋನನ ಸಮಾಧಿಯೆಂದು ಮುಸಲ್ಮಾನರೂ ಗೌರವಿಸುತ್ತಿದ್ದ ಮಸೀದಿಯನ್ನು ಸಿಡಿಸಿತು. ಹಾಗಾದರೆ ನಿನೆವೆಗಾಗಿ ಪ್ರಾರ್ಥಿಸುವುದೆಂದರೆ ಯಾರಿಗಾಗಿ? ಓಡಿಹೋದವರಿಗಾಗಿಯೋ, ಓಡಿಸಿದವರಿಗಾಗಿಯೋ? ಮೊದಲನೆಯದು ಸುಲಭ. ಯೋನನ ಕತೆ ಎರಡನೆಯದನ್ನೂ ಬೇಡುತ್ತದೆ. ನನ್ನ ಮನಸ್ಸು ಇನ್ನೂ ಅದಕ್ಕೆ ಒಪ್ಪಿಲ್ಲ. ಮನಸ್ಸಿಗಿಂತ ಮೊದಲು ಮೊಣಕಾಲಾದರೂ ಬಾಗಲೆಂದೇ ಈ ಏರ್ಪಾಡಿದ್ದೀತೆ?

ಯೋನನ ಪುಸ್ತಕ ದೇವರ ಪ್ರಶ್ನೆಯೊಂದರಲ್ಲಿ ಮುಗಿಯುತ್ತದೆ: ಎಡಬಲ ತಿಳಿಯದ 1,20,000ಕ್ಕೂ ಮಿಕ್ಕ ಜನರೂ ಅಷ್ಟೊಂದು ದನಕರುಗಳೂ ಇರುವ ಆ ಊರಿಗಾಗಿ ತಾನು ಮರುಗಬಾರದೇ ಎಂದು. ಯೋನ ಏನೆಂದನೆಂಬುದು ಅಲ್ಲಿ ಬರೆದಿಲ್ಲ.