ಗಾಳಿ ಎಷ್ಟು, ಮೇವು ಯಾವುದು

ಆಲೆಮನೆಯಲ್ಲಿ ಪಾಕ ಹದವಾಗಿ ಬಂದಮೇಲೆ ಇಳಿಸಿದ ಜೋನಿ ಬೆಲ್ಲ ವರ್ಷ ಕಳೆದರೂ ಕೆಡುವುದಿಲ್ಲ. ಅವಸರ ಮಾಡಿ ಎಳೆ ಪಾಕದಲ್ಲೇ ಇಳಿಸಿದ್ದರೆ ಆಷಾಢದ ಹೊತ್ತಿಗೆ ಡಬ್ಬಿಯಲ್ಲಿ ನೊರೆ ಏಳುತ್ತದೆ, ಮುಚ್ಚಳ ಉಬ್ಬುತ್ತದೆ, ತೆಗೆದರೆ ಹೆಂಡದ ವಾಸನೆ. ಆ ಡಬ್ಬಿ ತೊಳೆದ ನೀರನ್ನು ಬಾಯಿ ಅಗಲದ ಪಾತ್ರೆಯಲ್ಲಿ ಹಾಗೇ ಬಿಟ್ಟರೆ ಸ್ವಲ್ಪ ದಿನದಲ್ಲಿ ಮೂಗಿಗೆ ಅಡರುವ ಹುಳಿ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಇದನ್ನು ಬೆಲ್ಲ ಕೆಟ್ಟಿತು ಎನ್ನುತ್ತಾರೆ. ರಸಾಯನ ತಯಾರಿಸುವವರಿಗೆ ಇದು ಎರಡು ಹಂತದ ಉತ್ಪಾದನೆ. ಮುಚ್ಚಿದ ಡಬ್ಬಿಯೊಳಗೆ ಯೀಸ್ಟ್ ಸಕ್ಕರೆಯನ್ನು ಮದ್ಯಸಾರ ಮಾಡಿತು. ಗಾಳಿ ಸಿಕ್ಕ ಮೇಲೆ ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಆ ಮದ್ಯಸಾರವನ್ನು ಅಸಿಟಿಕ್ ಆಮ್ಲ ಮಾಡಿತು, ಎಂದರೆ ವಿನೆಗರ್.

ಬ್ಯಾಕ್ಟೀರಿಯಾಗಳಿಂದ ರಸಾಯನ ಮಾಡಿಸಿಕೊಳ್ಳುವ ಕಸುಬಿನಲ್ಲಿ ಖರ್ಚು ಹೆಚ್ಚಾಗಿ ಎರಡು ಕಡೆ ಹೋಗುತ್ತದೆ: ಅವಕ್ಕೆ ಹಾಕುವ ಮೇವು, ಅವಕ್ಕೆ ಕೊಡುವ ಗಾಳಿ. ಮೇವಿನ ಖರ್ಚು ಎಲ್ಲರ ಕಣ್ಣಿಗೂ ಬೀಳುತ್ತದೆ. ಗಾಳಿ ಪುಕ್ಕಟೆ ಎಂದು ನಂಬಿ ಕೆಲಸಕ್ಕೆ ಇಳಿದವರು ಕರೆಂಟ್ ಬಿಲ್ ಬಂದಾಗ ತಲೆ ಮೇಲೆ ಕೈ ಹೊರುತ್ತಾರೆ.

ಲೆಕ್ಕ ಹಾಕಿಯೇ ನೋಡೋಣ. 46 ಗ್ರಾಂ ಮದ್ಯಸಾರ 32 ಗ್ರಾಂ ಆಮ್ಲಜನಕದ ಜೊತೆ ಸೇರಿದರೆ 60 ಗ್ರಾಂ ಅಸಿಟಿಕ್ ಆಮ್ಲ, 18 ಗ್ರಾಂ ನೀರು. ನೂರಕ್ಕೆ ಐದರ ಪ್ರಮಾಣದ ಒಂದು ಲೀಟರ್ ವಿನೆಗರ್‌ನಲ್ಲಿ 50 ಗ್ರಾಂ ಆಮ್ಲ ಇರುತ್ತದೆ. ಅದಕ್ಕೆ ಬೇಕಾದ ಆಮ್ಲಜನಕ ಸುಮಾರು 27 ಗ್ರಾಂ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಗಾಳಿಯಿಂದ ಹೀರಿಟ್ಟುಕೊಳ್ಳುವುದು ಬರೇ ಏಳೂವರೆ ಮಿಲಿಗ್ರಾಂ. ಆ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬ್ಯಾಕ್ಟೀರಿಯಾ ಮುಗಿಸಬೇಕು, ಮತ್ತೆ ತುಂಬಬೇಕು. ಹೀಗೆ ಸುಮಾರು 3500 ಸಲ. ಸಕ್ಕರೆಯನ್ನಾದರೆ ಒಂದೇ ಸಲ ಸುರಿದು ಕಲಕಿ ಬಿಡಬಹುದು. ಆಮ್ಲಜನಕವನ್ನು ಹಾಗೆ ದಾಸ್ತಾನು ಮಾಡಲು ನೀರು ಬಿಡುವುದಿಲ್ಲ, ಕ್ಷಣಕ್ಷಣಕ್ಕೂ ಒದಗಿಸುತ್ತಿರಬೇಕು. ನೀರು ಬೆಚ್ಚಗಾದಷ್ಟೂ ಅದು ಹಿಡಿಯುವ ಆಮ್ಲಜನಕ ಇನ್ನೂ ಇಳಿಯುತ್ತದೆ.

ಬೆಚ್ಚಗಾಗುವುದಂತೂ ಖಂಡಿತ. ಆ ಒಂದು ಲೀಟರ್ ವಿನೆಗರ್ ಆಗುವಾಗ ಸುಮಾರು 410 ಕಿಲೋಜೂಲ್ ಶಾಖ ಹೊರಬೀಳುತ್ತದೆ. ಶಾಖವೆಲ್ಲ ಒಳಗೇ ಉಳಿದರೆ ನೀರು ಕುದಿಯುವುದಕ್ಕೂ ಸಾಕು. ಬ್ಯಾಕ್ಟೀರಿಯಾ ಅದಕ್ಕೆ ಬಹಳ ಮೊದಲೇ ಸತ್ತಿರುತ್ತವೆ. ಹಾಗಾಗಿ ಗಾಳಿ ಊದುವ ಯಂತ್ರದ ಜೊತೆಗೆ ತಣ್ಣೀರು ಹರಿಸುವ ಕೊಳವೆಯೂ ಬೇಕು. ಗಾಳಿ ಹೆಚ್ಚು ಕೊಟ್ಟಷ್ಟು ಕೆಲಸ ಚುರುಕು, ಕೆಲಸ ಚುರುಕಾದಷ್ಟು ಬಿಸಿ, ಬಿಸಿಯಾದಷ್ಟು ಕರಗುವ ಗಾಳಿ ಕಮ್ಮಿ. ಈ ಕಸುಬಿನ ಗಂಟು ಇಲ್ಲಿದೆ.

ಗಂಟು ಬಿಡಿಸಿದ ಬಗೆಗಳು ಮೂರು. ಹಳೆಯದು ಫ್ರಾನ್ಸಿನ ಓರ್ಲಿಯಾನ್ಸ್ ಪದ್ಧತಿ: ಅರೆ ತುಂಬಿದ ಪೀಪಾಯಿ, ಮೇಲೆ ಕೆನೆಯ ಹಾಗೆ ಕಟ್ಟುವ ಬ್ಯಾಕ್ಟೀರಿಯಾ ಪದರ, ತಿಂಗಳುಗಟ್ಟಲೆ ಕಾಯುವುದು. 1823ರ ಸುಮಾರಿಗೆ ಜರ್ಮನಿಯಲ್ಲಿ ಬಂದದ್ದು ಮರದ ಹೊಪ್ಪಳೆ ತುಂಬಿದ ಎತ್ತರದ ತೊಟ್ಟಿ: ಮೇಲಿನಿಂದ ಮದ್ಯದ ನೀರು ತೊಟ್ಟಿಕ್ಕುತ್ತದೆ, ಒಳಗಿನ ಕಾವಿಗೆ ಗಾಳಿ ತಾನಾಗಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ. 1949ರಲ್ಲಿ ಹ್ರೊಮಾಟ್ಕಾ ಮತ್ತು ಎಬ್ನರ್ ಮೂರನೆಯದನ್ನು ತೋರಿಸಿದರು. ಬ್ಯಾಕ್ಟೀರಿಯಾಗಳನ್ನು ದ್ರವದೊಳಗೇ ತೇಲಿಬಿಟ್ಟು, ಸಣ್ಣ ಸಣ್ಣ ಗುಳ್ಳೆಗಳಾಗಿ ಗಾಳಿ ಊದುವುದು. ಗುಳ್ಳೆಯ ಅಡ್ಡಳತೆ ಅರ್ಧವಾದರೆ ಅಷ್ಟೇ ಗಾಳಿ ನೀರಿಗೆ ತಾಗುವ ಮೈ ಎರಡರಷ್ಟು. ಆದ್ದರಿಂದ ತಿಂಗಳುಗಳ ಕೆಲಸ ಒಂದೆರಡು ದಿನಕ್ಕೆ ಇಳಿಯಿತು. ದೊಡ್ಡ ಕಾರ್ಖಾನೆಗಳು ಈಗ ನಂಬಿರುವುದು ಇದನ್ನೇ. ಇದರ ದೌರ್ಬಲ್ಯ ಒಂದಿದೆ. ಆಮ್ಲ ಏರಿದ ದ್ರವದಲ್ಲಿ ಒಂದೆರಡು ನಿಮಿಷ ಗಾಳಿ ನಿಂತರೂ ಬ್ಯಾಕ್ಟೀರಿಯಾ ರಾಶಿರಾಶಿಯಾಗಿ ಸಾಯುತ್ತವೆ.

ಈ ಮಾತನ್ನು ಮಲೆನಾಡಿನ ಮಳೆಗಾಲಕ್ಕೆ ತಂದು ನೋಡಬೇಕು. ಆಗುಂಬೆ ತೀರ್ಥಹಳ್ಳಿ ತಾಲ್ಲೂಕಿನದು, ಹುಲಿಕಲ್ಲು ಹೊಸನಗರದ್ದು. ಎರಡೂ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳು. ಒಂದು ಮರ ತಂತಿಯ ಮೇಲೆ ಬಿದ್ದರೆ ಕರೆಂಟು ಯಾವಾಗ ಬರುತ್ತದೆಂದು ಕೇಳುವ ಅಭ್ಯಾಸವೇ ಹಳ್ಳಿಗಳಲ್ಲಿ ಹೋಗಿಬಿಟ್ಟಿದೆ. ಲಿಂಗನಮಕ್ಕಿಯ ನೀರಿನಿಂದ ನಾಡಿಗೆಲ್ಲ ವಿದ್ಯುತ್ ಕೊಟ್ಟ ಸೀಮೆಯಲ್ಲಿ ಈ ಮಾತು ಬರೆಯುವುದು ವಿಚಿತ್ರ, ಇರಲಿ. ಅನಾನಸ್ ಸಿಪ್ಪೆಯಿಂದಲೋ ಬೆಲ್ಲದಿಂದಲೋ ವಿನೆಗರ್ ಮಾಡುವ ಸಣ್ಣ ಘಟಕ ಇಲ್ಲಿ ಶುರುವಾಗುವುದಾದರೆ ಮೂರನೆಯ, ಚುರುಕಿನ ಪದ್ಧತಿಯ ಆಸೆ ಬಿಡುವುದು ಒಳ್ಳೆಯದು. 1823ರ ತೊಟ್ಟಿಯಲ್ಲಿ ಗಾಳಿ ತಾನೇ ಓಡಾಡುತ್ತದೆ. ಮದ್ಯದ ನೀರನ್ನು ಮೇಲಕ್ಕೆತ್ತಲು ಚಿಕ್ಕ ಪಂಪು ಸಾಕು, ಅದು ನಿಂತರೂ ಹೊಪ್ಪಳೆಯ ತೇವದಲ್ಲಿ ಬ್ಯಾಕ್ಟೀರಿಯಾಗಳಿಗೆ ಉಸಿರಿರುತ್ತದೆ. ಹೆಚ್ಚು ದಿನ ಹಿಡಿಯುವುದು ನಿಜ. ನಿಧಾನದಿಂದ ಆಗುವ ನಷ್ಟ ಎಷ್ಟೆಂದು ಮೊದಲೇ ಗೊತ್ತಿರುತ್ತದೆ, ಕರೆಂಟು ಹೋಗಿ ಆಗುವ ನಷ್ಟ ಹಾಗಲ್ಲ.

ಈಗ ಗಾಳಿಯೇ ಬೇಡದ ಕೆಲಸಕ್ಕೆ ಬರೋಣ. ಅದಕ್ಕೆ ಹಿತ್ತಲಿನ ಗೋಬರ್ ಗ್ಯಾಸ್ ಗುಂಡಿಗಿಂತ ಒಳ್ಳೆಯ ಪಾಠವಿಲ್ಲ. ಬೆಳಿಗ್ಗೆ ಕೊಟ್ಟಿಗೆಯ ಸಗಣಿಯನ್ನು ತೊಟ್ಟಿಗೆ ತಂದು, ಅಷ್ಟೇ ನೀರು ಹಾಕಿ, ಕೈಯಲ್ಲಿ ಕಿವುಚಿ, ಸಿಕ್ಕಿದ ಹುಲ್ಲು, ಸೊಪ್ಪಿನ ಕಡ್ಡಿ ಎಲ್ಲ ಆರಿಸಿ ಎಸೆದು, ಬಗ್ಗಡವನ್ನು ಕೊಳವೆಗೆ ಬಿಡುತ್ತಾರೆ. ಕಡ್ಡಿ ಉಳಿದರೆ ಒಳಗೆ ತೇಲಿ ಹಕ್ಕಳೆ ಕಟ್ಟುತ್ತದೆ, ಗ್ಯಾಸ್ ಏಳುವುದಕ್ಕೆ ಅಡ್ಡ. ಒಳಗೆ ಮೀಥೇನ್ ಮಾಡುವ ಜೀವಿಗಳಿಗೆ ಆಮ್ಲಜನಕ ವಿಷ. ಬಗ್ಗಡದ ಜೊತೆ ಅಷ್ಟಿಷ್ಟು ಗಾಳಿ ಹೋಗಿಯೇ ಹೋಗುತ್ತದಲ್ಲ? ಗಾಳಿ ಇದ್ದರೂ ಇಲ್ಲದಿದ್ದರೂ ಬದುಕುವ ಬೇರೆ ಬ್ಯಾಕ್ಟೀರಿಯಾಗಳು ಅದನ್ನು ಮೊದಲೇ ತಿಂದು ಮುಗಿಸಿ, ಒಳಗಿನವರಿಗೆ ಕಾವಲು ನಿಲ್ಲುತ್ತವೆ.

ಅದೇ ಸಗಣಿಯನ್ನು ಪಕ್ಕದ ಗೊಬ್ಬರದ ರಾಶಿಗೆ ದರಗಿನ ಜೊತೆ ಹಾಕಿ ನೋಡಿ. ಚಳಿಗಾಲದ ಬೆಳಿಗ್ಗೆ ರಾಶಿಯನ್ನು ಕೆದಕಿದರೆ ಹಬೆ ಏಳುತ್ತದೆ. ಒಳಗೆ 60 ಡಿಗ್ರಿ ದಾಟುವುದು ಅಪರೂಪವಲ್ಲ. ಗೋಬರ್ ಗ್ಯಾಸ್ ಗುಂಡಿ ಮಾತ್ರ ತಣ್ಣಗೇ ಇರುತ್ತದೆ. ಮೇವು ಒಂದೇ ಆಗಿರುವಾಗ ಶಾಖ ಎಲ್ಲಿ ಹೋಯಿತು? ಸಕ್ಕರೆಯ ಲೆಕ್ಕದಲ್ಲಿ ಹೇಳುವುದಾದರೆ, ಗಾಳಿಯಿಲ್ಲದೆ ಅದು ಮೀಥೇನ್ ಆದಾಗ ಅದರೊಳಗಿನ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮೀಥೇನಿನಲ್ಲೇ ಉಳಿದಿರುತ್ತದೆ, ಒಲೆಯಲ್ಲಿ ಉರಿಯುವುದು ಅದೇ. ಗಾಳಿ ಸಿಕ್ಕರೆ ಬ್ಯಾಕ್ಟೀರಿಯಾ ಆ ಶಕ್ತಿಯನ್ನು ತಾವೇ ಉರಿಸಿ ಮೈ ಬೆಳೆಸಿಕೊಳ್ಳುತ್ತವೆ, ಉಳಿದದ್ದು ಹಬೆಯಾಗಿ ಹೋಗುತ್ತದೆ. ಗಾಳಿ ಕೊಡುವುದೆಂದರೆ ಮೇವಿನ ಶಕ್ತಿಯನ್ನು ಬ್ಯಾಕ್ಟೀರಿಯಾಗೆ ಬಿಟ್ಟುಕೊಡುವುದು, ಗಾಳಿ ತಡೆದರೆ ಅದು ಸರಕಿನಲ್ಲಿ ಉಳಿಯುತ್ತದೆ. ಯಾವ ರಸಾಯನಕ್ಕೆ ಎಷ್ಟು ಗಾಳಿ ಎಂಬ ಪ್ರಶ್ನೆಯೆಲ್ಲ ಕೊನೆಗೆ ಈ ಹಂಚಿಕೆಯ ಪ್ರಶ್ನೆ.

ಈ ಎರಡೂ ದಿಕ್ಕಿನಲ್ಲಿ ಕೈಯಾಡಿಸಿದ ಒಬ್ಬ ಮನುಷ್ಯ ಬೆಂಗಳೂರಿನಲ್ಲಿದ್ದರು. ಗಿಲ್ಬರ್ಟ್ ಫೌಲರ್ 1916ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದವರು. ಅದಕ್ಕೆ ಮುಂಚೆ ಮ್ಯಾಂಚೆಸ್ಟರಿನಲ್ಲಿ ಅವರ ಪ್ರೇರಣೆಯಿಂದ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಚರಂಡಿ ನೀರಿಗೆ ಗಾಳಿ ಊದಿ ಶುದ್ಧ ಮಾಡುವ ವಿಧಾನವನ್ನು 1914ರಲ್ಲಿ ಪ್ರಕಟಿಸಿದ್ದರು. ಮೊದಲ ಸಲ ಐದು ವಾರ ಹಿಡಿದ ಕೆಲಸ, ತಳದಲ್ಲಿ ಕೂತ ಬ್ಯಾಕ್ಟೀರಿಯಾ ಕೆಸರನ್ನು ಚೆಲ್ಲದೆ ಮತ್ತೆ ಮತ್ತೆ ಬಳಸಿದಾಗ ಒಂದು ದಿನದೊಳಗೆ ಮುಗಿಯಿತು. ಇವತ್ತು ಪಟ್ಟಣಗಳ ಕೊಳಚೆ ನೀರಿನ ಘಟಕಗಳಲ್ಲಿ ಹೆಚ್ಚಿನವು ನಡೆಯುವುದು ಇದೇ ದಾರಿಯಲ್ಲಿ. ಅವುಗಳ ವಿದ್ಯುತ್ತಿನಲ್ಲಿ ಅರ್ಧದಷ್ಟು ಗಾಳಿ ಊದುವುದಕ್ಕೇ ಹೋಗುತ್ತದೆ. ಬೆಂಗಳೂರಿಗೆ ಬಂದ ಫೌಲರ್ ಹಿಡಿದದ್ದು ತದ್ವಿರುದ್ಧ ಕೆಲಸ. ಮೊದಲ ಮಹಾಯುದ್ಧಕ್ಕೆ ಮದ್ದುಗುಂಡು ಮಾಡಲು ಅಸಿಟೋನ್ ಬೇಕಿತ್ತು. ಹಿಂದೆ ಅದನ್ನು ಸೌದೆ ಬಟ್ಟಿ ಇಳಿಸಿ ಬಂದ ಅಸಿಟೇಟಿನಿಂದ ತೆಗೆಯುತ್ತಿದ್ದರು. ಮಲೆನಾಡಿನ ಕಾಡಿನ ಸೌದೆಯಿಂದ ಇದ್ದಿಲಿನ ಜೊತೆಗೆ ಕ್ಯಾಲ್ಸಿಯಂ ಅಸಿಟೇಟ್, ಮೆಥನಾಲ್ ತೆಗೆಯುವ ಯೋಜನೆಯಿಂದಲೇ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಮೂಲ ಹೆಸರಿನಲ್ಲಿ ‘ವುಡ್ ಡಿಸ್ಟಿಲೇಷನ್’ ಸೇರಿತ್ತು. ಸೌದೆಯ ಬದಲಿಗೆ ವೈಜ್‌ಮನ್ ಎಂಬ ರಸಾಯನಶಾಸ್ತ್ರಿ ಇಂಗ್ಲೆಂಡಿನಲ್ಲಿ ಮೆಕ್ಕೆಜೋಳದ ಗಂಜಿಗೆ ಗಾಳಿ ತಾಗದ ಹಾಗೆ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ಬಿಟ್ಟು ಅಸಿಟೋನ್ ಪಡೆದರು. ಫೌಲರ್ ನಮ್ಮಲ್ಲಿ ಅಗ್ಗವಾಗಿ ಸಿಗುವ ಮೇವು ಯಾವುದೆಂದು ಹುಡುಕಿ ಹಿಪ್ಪೆ ಹೂವಿಗೆ ಬಂದರು. ಕಾಡಿನಲ್ಲಿ ಉದುರಿ ಬೀಳುವ ಹೂವು, ಒಣಗಿಸಿದರೆ ಕೆಡದು, ಒಳಗೆಲ್ಲ ಸಕ್ಕರೆ.

ಕೆಡದು ಎಂಬುದನ್ನು ಸುಮ್ಮನೆ ಬರೆದದ್ದಲ್ಲ. ಅಗ್ಗದ ಮೇವು ಎಂದಕೂಡಲೆ ಜನ ಕಿಲೋ ಬೆಲೆ ಕೇಳುತ್ತಾರೆ. ಮೊದಲು ಕೇಳಬೇಕಾದದ್ದು ಅದು ಎಷ್ಟು ದಿನ ಕೆಡದೆ ಉಳಿಯುತ್ತದೆ, ಅದರಲ್ಲಿ ನೀರು ಎಷ್ಟು ಎಂದು. ಅನಾನಸ್ ಸಿಪ್ಪೆಯ ತೂಕದಲ್ಲಿ ಬಹುಪಾಲು ನೀರು. ಸಾಗರ, ಸೊರಬದ ಬಯಲಿನಿಂದ ಲಾರಿಯಲ್ಲಿ ದೂರ ಸಾಗಿಸಿದರೆ ನೀರಿಗೇ ಬಾಡಿಗೆ ಕೊಟ್ಟ ಹಾಗೆ. ಮರುದಿನಕ್ಕೆ ದಾರಿಯಲ್ಲೇ ಬುರುಗು. ಪನೀರ್ ಮಾಡಿ ಉಳಿದ ಹಾಲಿನ ನೀರಿನ ಪಾಡೂ ಇದೇ: ಅದರಲ್ಲಿ ನೂರಕ್ಕೆ ಐದರಷ್ಟು ಸಕ್ಕರೆ, ಉಳಿದದ್ದೆಲ್ಲ ಹೆಚ್ಚುಕಮ್ಮಿ ನೀರು. ಇಂಥವನ್ನು ಹುಟ್ಟಿದ ಜಾಗದಲ್ಲೇ ಬ್ಯಾಕ್ಟೀರಿಯಾಗೆ ಹಾಕಬೇಕು. ಸಕ್ಕರೆ ಕಾರ್ಖಾನೆಯ ಕಾಕಂಬಿ ಗಟ್ಟಿಯಾಗಿರುವುದರಿಂದ ತಿಂಗಳುಗಟ್ಟಲೆ ಕೂರುತ್ತದೆ. ಅದರಲ್ಲಿ ಅರ್ಧದ ಹತ್ತಿರ ಸಕ್ಕರೆ. ಅದಕ್ಕೇ ಮಂಡ್ಯದಿಂದ ಹಿಡಿದು ಎಲ್ಲ ಕಡೆ ಡಿಸ್ಟಿಲರಿಗಳು ಅದರ ಬೆನ್ನು ಹತ್ತಿದ್ದು. ಪೆಟ್ರೋಲಿಗೆ ಎಥನಾಲ್ ಬೆರೆಸತೊಡಗಿದ ಮೇಲೆ ಕಾಕಂಬಿಯನ್ನು ಅಗ್ಗ ಎನ್ನುವ ಹಾಗಿಲ್ಲ. ಉಪ ಉತ್ಪನ್ನ ಅಗ್ಗವಾಗಿರುವುದು ಅದನ್ನು ಇನ್ನೊಬ್ಬ ಕೇಳುವ ತನಕ.

ಅಗ್ಗದ ಮೇವಿನ ಇನ್ನೊಂದು ಗುಣ, ಅದು ಒಂಟಿಯಾಗಿ ಬರುವುದಿಲ್ಲ. ಕಾಕಂಬಿಯ ಜೊತೆ ಲವಣ ಬರುತ್ತದೆ, ಬೇಕಾದ ಸಾರಜನಕ ಬರುವುದಿಲ್ಲ; ಅದಕ್ಕೆ ಹಿಂಡಿಯನ್ನೋ ತೌಡನ್ನೋ ಸೇರಿಸಬೇಕು. ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡಿದರೆ ನೂರು ಕಿಲೋಗೆ ಹತ್ತು ಕಿಲೋದಷ್ಟು ಗ್ಲಿಸರಾಲ್ ತಳದಲ್ಲಿ ಉಳಿಯುತ್ತದೆ, ಜೊತೆಗೆ ಮೆಥನಾಲು, ಸೋಪಿನ ಅಂಶ. ಕೆಲವು ಬ್ಯಾಕ್ಟೀರಿಯಾಗಳು ಈ ಗ್ಲಿಸರಾಲನ್ನೂ ತಿಂದು ಬ್ಯುಟೇನ್‌ಡಯಾಲ್ ಎಂಬ ದ್ರವ ಕೊಡುತ್ತವೆ. ಎರಡನೇ ಮಹಾಯುದ್ಧದಲ್ಲಿ ಇದರಿಂದ ಕೃತಕ ರಬ್ಬರ್ ಮಾಡುವ ಪ್ರಯತ್ನ ನಡೆದಿತ್ತು. ಗಾಳಿಯ ಹದ ಎಂದರೇನೆಂದು ಕಲಿಯಲು ಈ ದ್ರವ ಒಳ್ಳೆಯ ಮೇಷ್ಟ್ರು. ಸಕ್ಕರೆ ಹಾಕಿ ಗಾಳಿ ಧಾರಾಳ ಕೊಟ್ಟರೆ ಬ್ಯಾಕ್ಟೀರಿಯಾ ಮೈ ಬೆಳೆಸಿ ಸಕ್ಕರೆಯನ್ನು ಇಂಗಾಲದ ಡೈಆಕ್ಸೈಡ್ ಮಾಡಿಬಿಡುತ್ತವೆ. ಪೂರ್ತಿ ನಿಲ್ಲಿಸಿದರೆ ಮದ್ಯಸಾರ, ಲ್ಯಾಕ್ಟಿಕ್ ಆಮ್ಲದ ಕಡೆ ತಿರುಗುತ್ತವೆ, ಕೆಲಸವೂ ಕುಂಟುತ್ತದೆ. ಬ್ಯಾಕ್ಟೀರಿಯಾ ಎಷ್ಟು ಆಮ್ಲಜನಕ ಎಳೆದುಕೊಳ್ಳಬಲ್ಲವೋ ಅದಕ್ಕಿಂತ ಕಮ್ಮಿ, ಆದರೆ ತಪ್ಪದೆ, ಕೊಡುತ್ತಿದ್ದರೆ ಮಾತ್ರ ಬೇಕಾದ ದ್ರವ ಹೆಚ್ಚಾಗಿ ಬರುತ್ತದೆ. ಆಗ ನೀರಿನಲ್ಲಿ ಮುಳುಗಿಸಿದ ಆಮ್ಲಜನಕ ಮಾಪಕ ಹೆಚ್ಚುಕಮ್ಮಿ ಸೊನ್ನೆಯನ್ನೇ ತೋರಿಸುತ್ತಿರುತ್ತದೆ. ಹೊಸಬರು ಅದನ್ನು ನೋಡಿ ಗಾಬರಿಯಾಗಿ ಊದುಬಾಯಿ ಜಾಸ್ತಿ ತಿರುಗಿಸುತ್ತಾರೆ, ಅಲ್ಲಿಗೆ ಆ ಸಲದ ಕೆಲಸ ಹೋಯಿತು. ಗಾಳಿ ಮೊದಲು ಧಾರಾಳ ಕೊಟ್ಟು ಬ್ಯಾಕ್ಟೀರಿಯಾ ಸಂಖ್ಯೆ ಬೆಳೆಸಿ, ಆಮೇಲೆ ಕಮ್ಮಿ ಮಾಡಿ ದುಡಿಸುವುದು ಬಹಳ ಕಡೆ ರೂಢಿಯಲ್ಲಿರುವ ಉಪಾಯ.

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ಎಲ್ಲರ ಮನೆ ಅಂಗಳದಲ್ಲೂ ರಾಶಿ ಬೀಳುವ ಮೇವು ಅಡಿಕೆ ಸಿಪ್ಪೆ. ದೀಪಾವಳಿಯ ಆಸುಪಾಸಿನಲ್ಲಿ ಸುಲಿಯಲು ಕೂತರೆ ಮಾಘದ ತನಕ ಸಿಪ್ಪೆ ಬೀಳುತ್ತಲೇ ಇರುತ್ತದೆ. ಅಡಿಕೆ ಬೇಯಿಸುವ ಒಲೆಗೆ ಸ್ವಲ್ಪ, ಉಳಿದದ್ದು ರಸ್ತೆಯಂಚಿಗೆ. ನಾರಿನಲ್ಲಿ ಹೆಮಿಸೆಲ್ಯುಲೋಸ್ ಎಂಬ ಸಕ್ಕರೆ ಸರಪಳಿ ಧಾರಾಳವಾಗಿದೆ, ಬಿಡಿಸಿದರೆ ಕ್ಸೈಲೋಸ್ ಸಕ್ಕರೆ ಸಿಗುತ್ತದೆ. ಬಿಡಿಸುವುದೇ ಕಷ್ಟ. ತೆಳು ಆಮ್ಲದಲ್ಲಿ ಒತ್ತಡದ ಹಬೆ ಕೊಟ್ಟು ಬೇಯಿಸಬೇಕು. ಹಾಗೆ ಬೇಯಿಸಿದಾಗ ಫರ್‌ಫ್ಯುರಾಲ್ ಹುಟ್ಟಿ ಬ್ಯಾಕ್ಟೀರಿಯಾಗಳಿಗೇ ಮುಳುವಾಗುತ್ತದೆ. ಅಡಿಕೆಯ ಒಗರಿನ ಟ್ಯಾನಿನ್ ಬೇರೆ, ಅದು ಬ್ಯಾಕ್ಟೀರಿಯಾಗಳ ಕಿಣ್ವಗಳನ್ನೇ ಕಟ್ಟಿಹಾಕುತ್ತದೆ. ಸಿಪ್ಪೆಯನ್ನು ಗೋಬರ್ ಗ್ಯಾಸ್ ಗುಂಡಿಗೆ ಹಾಕಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ. ಗುಂಡಿಯಿಂದ ಹೊರಬಂದ ಸ್ಲರಿಯನ್ನು ಸಿಪ್ಪೆಗೆ ಚಿಮುಕಿಸುತ್ತ, ಮಗುಚಿ ಗಾಳಿ ಕೊಡುತ್ತ ಗೊಬ್ಬರ ಮಾಡುವುದು ಸದ್ಯಕ್ಕೆ ಸುಲಭದ ದಾರಿ. ಅಡಿಕೆ ಬೇಯಿಸಿ ಉಳಿದ ಚೊಗರು ಇನ್ನೂ ಒಗರು. ಹೆಗ್ಗೋಡಿನ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಅದರಿಂದ ಬಟ್ಟೆಗೆ ಬಣ್ಣ ಹಾಕುತ್ತಾರೆ. ಬ್ಯಾಕ್ಟೀರಿಯಾವನ್ನು ಕೊಲ್ಲುವ ಟ್ಯಾನಿನ್ನೇ ನೂಲನ್ನು ಹಿಡಿದುಕೊಳ್ಳುವುದರಿಂದ ಚೊಗರನ್ನು ಹುದುಗಿಸುವ ಗೋಜಿಗೆ ಹೋಗದೆ ಬಣ್ಣಕ್ಕೇ ಬಿಡುವುದು ಲಾಭ.

ಸಗಣಿಯ ಲೆಕ್ಕವೂ ಒಂದು ಬಾಕಿ ಇದೆ. ಎರಡು ಘನ ಮೀಟರಿನ ಗೋಬರ್ ಗ್ಯಾಸಿಗೆ ದಿನಕ್ಕೆ 50 ಕಿಲೋ ಸಗಣಿ ಬೇಕು. ಮಲೆನಾಡು ಗಿಡ್ಡ ತಳಿಯ ದನದ ಮೈ ಸಣ್ಣದು, ಸಗಣಿಯೂ ಕಮ್ಮಿ. ಹಗಲೆಲ್ಲ ಗುಡ್ಡದಲ್ಲಿ ಮೇಯುವ ದನ ಕೊಟ್ಟಿಗೆಗೆ ಕೊಡುವುದು ರಾತ್ರಿಯ ಪಾಲನ್ನು ಮಾತ್ರ. ಮಳೆಗಾಲದ ತಂಪಿಗೆ ಗುಂಡಿಯೊಳಗಿನ ಜೀವಿಗಳೂ ಮಂದವಾಗುತ್ತವೆ. ದನ ಮಾರಿದ ಮನೆಗಳಲ್ಲಿ ಗುಂಡಿ ಪಾಳುಬಿದ್ದಿರುವುದಕ್ಕೆ ತಂತ್ರಜ್ಞಾನ ಕಾರಣವಲ್ಲ, ಮೇವು ನಿಂತದ್ದು. ಅಡುಗೆಮನೆಯ ಮುಸುರೆ, ಕೊಳೆತ ಹಲಸಿನ ಸೊಳೆ ಹಾಕಿ ಅಂಥ ಗುಂಡಿಯನ್ನು ಮತ್ತೆ ಎಬ್ಬಿಸಬಹುದು. ಮೊದಲ ಕೆಲವು ವಾರ ಪಕ್ಕದ ಮನೆಯಿಂದ ಎರಡು ಬುಟ್ಟಿ ಸಗಣಿ ತಂದು ಹೆಪ್ಪು ಹಾಕಬೇಕು, ಹಲಸನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಹಾಕಬೇಕು. ಒಮ್ಮೆಲೇ ಸುರಿದರೆ ಹುಳಿ ಏರಿ ಮೀಥೇನ್ ಜೀವಿಗಳು ಕೆಲಸ ನಿಲ್ಲಿಸುತ್ತವೆ, ಒಲೆ ಹಚ್ಚಿದರೆ ಉರಿ ಬರುವುದಿಲ್ಲ.