ನೆಲದೊಳಗಣ ಕಾವು

ಇಸ್ವಿ ಸನ್ 1993ನೆಯ ಸಪ್ಟಂಬರ 30ನೆಯ ತಾರೀಖಿನ ಬೆಳಗಿನ ಜಾವ, ಅನಂತ ಚತುರ್ದಶಿಯ ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಜನರು ಗಾಢನಿದ್ರೆಯಲ್ಲಿದ್ದಾಗ, ಮಹಾರಾಷ್ಟ್ರದ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಹತ್ತು ಸಾವಿರದಷ್ಟು ಜನರು ಕಲ್ಲುಮಣ್ಣಿನ ಗೋಡೆಗಳ ಕೆಳಗೆ ಸಿಕ್ಕು ಸತ್ತರು. ನಮ್ಮ ಮರೋಳವು ಅಲ್ಲಿಂದ ಇನ್ನೂರು ಕಿಲೋಮೀಟರಿಗೂ ದೂರ. ಆದರೂ ಮನೆಯ ನೆಲುವಿನ ಗಡಿಗೆಗಳು ತೂಗಾಡಿದವು. ಮರುದಿನ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯ ಹುಡುಗನೊಬ್ಬನು ಎದ್ದು ನಿಂತು, “ಗುರುಗಳ, ನೆಲದ ಬುಡಕ ಏನೈತ್ರಿ?” ಎಂದು ಕೇಳಿದನು.

ನಾವು ಕ್ಷಣವೂ ತಡೆಯದೆ ತೆಂಗಿನಕಾಯಿಯ ದೃಷ್ಟಾಂತವನ್ನು ಕೊಟ್ಟೆವು. ನಾವು ನಿಂತ ನೆಲವೇ ಕರಟ. ಒಳಗಿನ ನೀರೇ ಕೊತಕೊತ ಕುದಿಯುವ ಶಿಲಾರಸ. ಕರಟವು ಬಿರಿದಲ್ಲಿ ಜ್ವಾಲಾಮುಖಿ. ಹುಡುಗರು ಬೆಚ್ಚಿ ಕಾಲುಗಳನ್ನು ಬೆಂಚಿನ ಮೇಲೆ ಎಳೆದುಕೊಂಡರು. ಪಾಠವು ಚೆನ್ನಾಗಿ ನಾಟಿತೆಂದು ನಮಗೆ ಹೆಮ್ಮೆಯೂ ಆಯಿತು. ಅನಂತರವೂ ಅನೇಕ ವರ್ಷ ಅದನ್ನೇ ಹೇಳುತ್ತ ಬಂದೆವು. ವಾಚಕರೇ, ಆ ಪಾಠವು ತಪ್ಪು. ಅಂದಿನ ಹುಡುಗರು ಇಂದು ಸಂಸಾರಸ್ಥರಾಗಿರುವರು. ಅವರ ಮಕ್ಕಳಿಗೂ ಈ ತಪ್ಪು ಮುಟ್ಟಬಾರದೆಂದು ಈ ಲೇಖನ.

ಭೂಮಿಯ ಹೊರಪದರವಾದ ಭೂಕವಚವು ನಮ್ಮ ನಾಡಿನಲ್ಲಿ ಮೂವತ್ತೈದು ನಾಲ್ವತ್ತು ಕಿಲೋಮೀಟರು ದಪ್ಪವಾಗಿರುವದು. ಅದರ ಕೆಳಗೆ 2,900 ಕಿಲೋಮೀಟರಿನ ಆಳದ ವರೆಗೆ ಮ್ಯಾಂಟಲ್ ಎಂಬ ಪದರವುಂಟು. ಈ ಮ್ಯಾಂಟಲ್ ದ್ರವವಲ್ಲ, ಗಟ್ಟಿಯಾದ ಕಲ್ಲು. ಯಾರೂ ಇಳಿದು ನೋಡದ ಈ ಸಂಗತಿಯನ್ನು ತಿಳಿಸಿದ್ದು ಭೂಕಂಪಗಳೇ. ಕಂಪನದ ಅಲೆಗಳಲ್ಲಿ ಒಂದು ಬಗೆಯವು ಮುಂದೆ ತಳ್ಳುತ್ತ ಸಾಗುವವು, ಇನ್ನೊಂದು ಬಗೆಯವು ಹಗ್ಗವನ್ನು ಜಾಡಿಸಿದಂತೆ ಅಡ್ಡಕ್ಕೆ ಅಲುಗುತ್ತ ಸಾಗುವವು. ಈ ಅಡ್ಡ ಅಲೆಗಳು ದ್ರವದಲ್ಲಿ ಹಾಯಲಾರವು. ಅವು ಮ್ಯಾಂಟಲಿನಲ್ಲಿ ಸಲೀಸಾಗಿ ಹಾಯ್ದುಹೋಗುವವು; ಅದರಾಚೆಗಿನ ಕೇಂದ್ರಗೋಳದ ಅಂಚಿನಲ್ಲಿ ಮಾತ್ರ ನಿಂತುಬಿಡುವವು. 1897ರ ಅಸ್ಸಾಮದ ಮಹಾಭೂಕಂಪವನ್ನು ಅಭ್ಯಸಿಸಿ ಈ ಅಲೆಗಳನ್ನು ಬೇರ್ಪಡಿಸಿ ಗುರುತಿಸಿದವನು ನಮ್ಮ ದೇಶದ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯಲ್ಲಿ ದುಡಿದ ರಿಚರ್ಡ್ ಓಲ್ಡ್‌ಹ್ಯಾಮ್ ಎಂಬವನು. ಕೇಂದ್ರಗೋಳವುಂಟೆಂಬುದಕ್ಕೆ 1906ರಲ್ಲಿ ಪ್ರಮಾಣ ಕೊಟ್ಟವನೂ ಅವನೇ. ಅದರ ಹೊರಭಾಗವು ದ್ರವವೆಂದು ಹೆರಾಲ್ಡ್ ಜೆಫ್ರೀಸನು 1926ರಲ್ಲಿ ತೋರಿಸಿದನು.

ಹಾಗಾದರೆ ಅಷ್ಟು ಕಾವಿದ್ದೂ ಕಲ್ಲು ಕರಗದಿರುವದೇಕೆ? ಇಲ್ಲಿಯೇ ನಾವು ಎಡವಿದ್ದು. ಕಾವೊಂದನ್ನೇ ಲೆಕ್ಕಕ್ಕೆ ಹಿಡಿದು ಭಾರವನ್ನು ಮರೆತಿದ್ದೆವು. ನೆಲದಲ್ಲಿ ಒಂದು ಕಿಲೋಮೀಟರು ಇಳಿದರೆ ಮೇಲಿನ ಕಲ್ಲಿನ ಒತ್ತಡವು ನಾವು ಉಸಿರಾಡುವ ಗಾಳಿಯ ಒತ್ತಡಕ್ಕಿಂತ ಸುಮಾರು 260 ಪಟ್ಟು ಆಗುವದು. ಭೂಕವಚದ ತಳದಲ್ಲಿ ಹತ್ತು ಸಾವಿರ ಪಟ್ಟು. ಕಲ್ಲು ಕರಗಿದರೆ ಹಿಗ್ಗಬೇಕು, ಹಿಗ್ಗಲು ಎಡೆ ಬೇಕು. ಜಾತ್ರೆಯಲ್ಲಿ ತೇರಿನ ಮುಂದೆ ಒತ್ತೊತ್ತಾಗಿ ನಿಂತವನಿಗೆ ಕೈಯಾಡಿಸಲಿಕ್ಕೂ ಬಾರದು. ಆ ಕಲ್ಲಿನ ಕಣಗಳ ಪಾಡೂ ಅದೇ. ನೆಲದ ಮೇಲಾದರೆ ಸುಮಾರು 1,100 ಡಿಗ್ರಿಗೆ ಕರಗತೊಡಗುವ ಮ್ಯಾಂಟಲಿನ ಕಲ್ಲಿಗೆ ನೂರು ಕಿಲೋಮೀಟರಿನ ಆಳದಲ್ಲಿ 1,450 ಡಿಗ್ರಿಗೂ ಹೆಚ್ಚಿನ ಕಾವು ಬೇಕಾಗುವದು. ಗಟ್ಟಿಯಾಗಿದ್ದೂ ಅದು ಕದಲದೆ ಕೂತಿಲ್ಲ; ವರ್ಷಕ್ಕೆ ಕೆಲವೇ ಸೆಂಟಿಮೀಟರಿನಂತೆ ತೆವಳುತ್ತಿರುವದು. ಹೀಗೆ ತೆವಳುತ್ತ ಮೇಲೇರಿದ ಕಲ್ಲಿನ ಮೇಲಿನ ಭಾರವು ಇಳಿದಾಗ, ಹೊಸ ಕಾವು ಇಲ್ಲದೆಯೇ ಅದು ಕರಗುವದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ಮೇಲೆ ಹರಿದು, ಇಂದು ಕೃಷ್ಣೆಯ ಆಚೆ ವಿಜಯಪುರದ ಕಡೆ ಕರಿಗಲ್ಲಾಗಿ ಹಾಸಿರುವ ಲಾವಾ ಹುಟ್ಟಿದ್ದು ಈ ರೀತಿಯಿಂದಲೇ. ನೀರಿನ ಅಂಶವು ಸೇರಿದರಂತೂ ಕಲ್ಲು ಇನ್ನೂ ಕಡಿಮೆ ಕಾವಿಗೆ ಕರಗುವದು. ಒಣಗಿದ ಗ್ರಾನೈಟಿಗೆ ಸಾವಿರ ಡಿಗ್ರಿಯಷ್ಟು ಬೇಕಾದರೆ, ಆಳದಲ್ಲಿ ನೀರು ಕೂಡಿದ ಗ್ರಾನೈಟಿಗೆ 700ರ ಸುಮಾರು ಸಾಕು. ಬಾಣಲೆಯಲ್ಲಿ ಬೆಲ್ಲಕ್ಕೆ ನಾಲ್ಕು ಹನಿ ನೀರು ಚಿಮುಕಿಸುವ ಗೃಹಿಣಿಯರು ಇದನ್ನು ಕೇಳಿ ಆಶ್ಚರ್ಯಪಡಲಾರರು.

ಇನ್ನು ನಮ್ಮ ಸೀಮೆಯ ಮಾತು. ನಮ್ಮ ನೆಲವು ಕುದಿಯುವದಂತಿರಲಿ, ಬೇರೆ ಅನೇಕ ದೇಶಗಳಿಗಿಂತ ತಣ್ಣಗಿರುವದು. ಸಾಮಾನ್ಯವಾಗಿ ಒಂದು ಕಿಲೋಮೀಟರು ಇಳಿದರೆ 25ರಿಂದ 30 ಡಿಗ್ರಿ ಕಾವು ಏರುವದು. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯು ಮೂರು ಕಿಲೋಮೀಟರಿಗೂ ಆಳವಾಗಿತ್ತು. ಆ ಲೆಕ್ಕದಂತೆ ಅದರ ತಳದ ಕಲ್ಲು 100 ಡಿಗ್ರಿಯನ್ನು ದಾಟಬೇಕಾಗಿತ್ತು. ಅಲ್ಲಿದ್ದದ್ದು ಸುಮಾರು 65 ಮಾತ್ರ. ಅದೇನು ಮನುಷ್ಯನಿಗೆ ಸಣ್ಣ ಕಾವಲ್ಲ. ಗಣಿಯೊಳಗೆ ತಂಪುಮಾಡಿದ ಗಾಳಿಯನ್ನು ಕಳಿಸಬೇಕಾಗುತ್ತಿತ್ತು. ಆದರೂ ಶಿಲಾರಸದ ಮಾತಿಗೆ ಅದು ಬಹು ದೂರ. ಅತಿ ಪ್ರಾಚೀನವಾದ ಈ ಭೂಖಂಡದ ಬೇರು ದಪ್ಪನಾಗಿ, ಆರಿ, ತಂಪಾಗಿರುವದೇ ಇದಕ್ಕೆ ಕಾರಣ. ಕಿಲ್ಲಾರಿಯಲ್ಲಿಯೂ ಯಾವ ಜ್ವಾಲಾಮುಖಿಯೂ ಅರಳಲಿಲ್ಲ. ಭಾರತದ ಭೂಫಲಕವು ಉತ್ತರಕ್ಕೆ ಒತ್ತುವ ಬಲದಿಂದ, ಭೂಕವಚದ ಮೇಲ್ಭಾಗದ ಒಂದು ಬಿರುಕಿನಲ್ಲಿ ಕಲ್ಲು ಸರಿಯಿತು, ಅಷ್ಟೆ.

ಹಾಗೆಂದು ಇಲ್ಲಿ ಶಿಲಾರಸವು ಎಂದೂ ಇರಲಿಲ್ಲವೆಂದಲ್ಲ. ಅದನ್ನು ನೋಡಬೇಕಾದವರು ಇಳಕಲ್ಲಿನ ಕೆಂಪು ಗ್ರಾನೈಟನ್ನು ನೋಡಬೇಕು. ಲ್ಯಾಟಿನ್ ಭಾಷೆಯಲ್ಲಿ ಗ್ರಾನುಂ ಎಂದರೆ ಕಾಳು. ಹೆಸರಿಗೆ ತಕ್ಕಂತೆ ಅದರಲ್ಲಿ ಕೆಂಪು ಫೆಲ್ಡ್‌ಸ್ಪಾರಿನ, ಬೂದುಬಣ್ಣದ ಬೆಣಚಿನ, ಕಪ್ಪು ಕಾಗೆಬಂಗಾರದ ಕಾಳುಗಳು ಕಣ್ಣಿಗೆ ಕಾಣುವಷ್ಟು ದೊಡ್ಡವಾಗಿರುವವು. ಸಕ್ಕರೆಯ ಪಾಕವನ್ನು ಬೇಗ ಆರಿಸಿದರೆ ಹರಳು ಕಾಣದು. ದಿನಗಟ್ಟಲೆ ಬಿಟ್ಟರೆ ಕಲ್ಲುಸಕ್ಕರೆ. ದಖ್ಖನಿನ ಕರಿಗಲ್ಲು ಬಯಲಲ್ಲಿ ಬೇಗ ಆರಿದ್ದು. ಇಳಕಲ್ಲಿನದು ಆಳದಲ್ಲಿ, ಮೇಲೆ ಕಲ್ಲಿನ ದುಪ್ಪಟಿ ಹೊದ್ದು, ಯುಗಗಟ್ಟಲೆ ಆರಿದ್ದು. ಮೇಲಿನ ಆ ಕಲ್ಲೆಲ್ಲ ಸವೆದುಹೋದ ಮೇಲೆ ಅದು ನಮಗೆ ಕಂಡಿತು.

ಇದೇ ಕುಲದ ಗ್ರಾನೈಟಿನ ಸಾಲೊಂದು ರಾಮನಗರದಿಂದ ಹಂಪೆಯ ಕಡೆಗೆ ಸುಮಾರು 400 ಕಿಲೋಮೀಟರು ಉದ್ದವಾಗಿ ಹಬ್ಬಿರುವದು. ರಾಮನಗರಕ್ಕೆ ಹಿಂದೆ ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಊರು ಹೆಸರು ಬದಲಿಸಿದರೂ ಕಲ್ಲಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಹೆಸರು ಉಳಿಯಿತು. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಮ್ಯಾಂಟಲಿನಿಂದ ಎದ್ದ ಬಿಸಿ ರಸವು ಭೂಕವಚದ ಕಲ್ಲನ್ನೂ ಕರಗಿಸಿ, ಅದರೊಡನೆ ಬೆರೆತು ಈ ಗ್ರಾನೈಟಾಯಿತು. ವಿಶೇಷವೇನೆಂದರೆ, ನೆಲವು ದಕ್ಷಿಣದಲ್ಲಿ ಹೆಚ್ಚು ಸವೆದಿರುವದರಿಂದ, ಅಲ್ಲಿ ಆಳದ ಬುಡವೂ ಉತ್ತರದಲ್ಲಿ ಮೇಲಣ ತುದಿಯೂ ಬಯಲಿಗೆ ಬಿದ್ದಿವೆ. ಕನಕಪುರದಿಂದ ಹಂಪೆಗೆ ಹೋಗುವ ಯಾತ್ರಿಕನು ತಾನರಿಯದೆ ಶಿಲಾರಸವು ಏರಿದ ದಾರಿಯನ್ನೇ ಏರುತ್ತಿರುವನು.

ಕಳೆದ ಶ್ರಾವಣದಲ್ಲಿ ಅಂದು ಪ್ರಶ್ನೆ ಕೇಳಿದ ಹುಡುಗನು ಹೊಸ ಮನೆ ಕಟ್ಟಿಸಿ ನಮ್ಮನ್ನು ಕರೆದನು. ಅವನಿಗೀಗ ನಾಲ್ವತ್ತು ದಾಟಿದೆ. ಮುಂಬಾಗಿಲಿಗೆ ಇಳಕಲ್ಲಿನ ಕೆಂಪು ಹಾಸುಗಲ್ಲು. ಅದರ ಮೇಲೆ ಕುಳಿತು, ಅಂದು ನಾವು ಹೇಳಿದ್ದು ತಪ್ಪೆಂದೂ ಸರಿಯಾದದ್ದು ಇದೆಂದೂ ಅವನಿಗೆ ತಿಳಿಸಿದೆವು. ಅವನು ತಲೆ ಕೆರೆದುಕೊಂಡು, “ಗುರುಗಳ, ಮೊನ್ನೆರೆ ನನ್ನ ಮಗಳಿಗೆ ಟೆಂಗಿನಕಾಯಿ ಒಡದು ತೋರಿಸೀನ್ರಿ” ಎಂದನು. ಒಳಗಿಂದ ಆ ಮಗುವನ್ನು ಕರೆಸಿಕೊಂಡು ನಾವು ಮೊದಲಿನಿಂದ ಪಾಠವನ್ನು ತೊಡಗಿದೆವು.